ಗೋಧಿ ಹೊಲದ ಮೇಲೆ ಹೋದ ಗಾಳಿಗೆ ಲೆಕ್ಕ ಇಟ್ಟವರು ಯಾರು?

ನಮಸ್ಕಾರ. ಇವತ್ತು ಪೀಠಿಕೆ ಬೇಡ, ನೇರವಾಗಿ ಒಂದು ಹೊಲಕ್ಕೆ ಹೋಗೋಣ.

1928, ಜೂನ್ 22. ಅಮೆರಿಕದ ಕಾನ್ಸಾಸ್ ರಾಜ್ಯದ ಗ್ರೀನ್ಸ್‌ಬರ್ಗ್ ಎಂಬ ಊರಿನ ಹತ್ತಿರ. ಮಧ್ಯಾಹ್ನ ಮೂರು ಗಂಟೆ ದಾಟಿದೆ. ವಿಲ್ ಕೆಲ್ಲರ್ ಎಂಬ ರೈತರು ಮನೆಯವರ ಜೊತೆ ತಮ್ಮ ಗೋಧಿ ಹೊಲ ನೋಡುತ್ತಿದ್ದಾರೆ. ನೋಡುವುದಕ್ಕೆ ಏನೂ ಉಳಿದಿಲ್ಲ. ಕೊಯ್ಲಿನ ಹೊತ್ತಿಗೆ ಸರಿಯಾಗಿ ಆಲಿಕಲ್ಲು ಬಿದ್ದು ಪೈರೆಲ್ಲ ಮಣ್ಣುಪಾಲಾಗಿದೆ. ತಲೆ ಎತ್ತಿ ನೋಡಿದರೆ ನೈಋತ್ಯದ ಕಡೆ ಕೊಡೆ ಬಿಚ್ಚಿದ ಹಾಗೆ ಒಂದು ಕಪ್ಪು ಮೋಡ. ಅದರ ಕೆಳಗೆ ಒಂದಲ್ಲ, ಮೂರು ಟಾರ್ನೇಡೋಗಳು, ಅಂದರೆ ಮೋಡದಿಂದ ನೆಲದ ಕಡೆ ಇಳಿಯುವ ಭಾರೀ ಸುಳಿಗಾಳಿಗಳು, ಜೋತಾಡುತ್ತಿವೆ. ಒಂದು ಇವರ ಕಡೆಗೇ ಬರುತ್ತಿದೆ.

ಎಲ್ಲರೂ ಓಡಿಹೋಗಿ ನೆಲಮಾಳಿಗೆ ಸೇರಿಕೊಂಡರು. ಅಲ್ಲಿನ ತೋಟದ ಮನೆಗಳ ಪಕ್ಕದಲ್ಲಿ ಮಣ್ಣಿನೊಳಗೆ ತೋಡಿದ ಒಂದು ಗುಂಡಿ, ಮೇಲೆ ಗಟ್ಟಿ ಬಾಗಿಲು. ಉತ್ತರ ಕರ್ನಾಟಕದವರಿಗೆ ಹಗೇವು ನೆನಪಾಗಬಹುದು. ಹಗೇವಿನಲ್ಲಿ ಜೋಳ ಕಾಪಾಡುತ್ತಿದ್ದರು, ಇದರಲ್ಲಿ ಜೀವ ಕಾಪಾಡಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಬಾಗಿಲು ಮುಚ್ಚಬೇಕು ಅನ್ನುವಾಗ ಕೆಲ್ಲರ್ ಅವರಿಗೆ ಕೊನೇ ಸಲ ನೋಡಿಬಿಡೋಣ ಅನಿಸಿತು. ಟಾರ್ನೇಡೋ ಅವರಿಗೆ ಹೊಸದಲ್ಲ, ಮೊದಲೂ ಕಂಡವರು. ಅದು ನೆಲ ಬಿಟ್ಟು ಸ್ವಲ್ಪ ಮೇಲೆದ್ದಿದ್ದು ಕಾಣಿಸಿತು. ಹಾಗಾಗಿ ಧೈರ್ಯ ಮಾಡಿ ಬಾಗಿಲಲ್ಲೇ ನಿಂತರು. ಅದು ಬಂದು ಸರಿಯಾಗಿ ನೆತ್ತಿಯ ಮೇಲೆ ನಿಂತ ಹಾಗಾಯಿತು.

ಆಮೇಲೆ ಅವರು ಹೇಳಿದ್ದು ಇಷ್ಟು. ಸುತ್ತ ಎಲ್ಲ ಸ್ತಬ್ಧ. ಗ್ಯಾಸಿನಂಥ ಗಾಢ ವಾಸನೆ, ಉಸಿರು ಕಟ್ಟುವ ಹಾಗೆ. ಗಾಳಿಯ ತುದಿಯಿಂದ ಹಾವು ಬುಸುಗುಟ್ಟಿದ ಹಾಗೆ ಒಂದು ಕೀರಲು ಸದ್ದು. ತಲೆ ಎತ್ತಿದರೆ ದುಂಡಗಿನ ಒಂದು ಬಾಯಿ, ಐವತ್ತರಿಂದ ನೂರು ಅಡಿ ಅಗಲ. ಒಳಗೆ ಅರ್ಧ ಮೈಲಿಯಷ್ಟು ಎತ್ತರಕ್ಕೆ ಟೊಳ್ಳು. ಗೋಡೆಗಳೆಲ್ಲ ತಿರುಗುವ ಮೋಡ. ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಮಿಂಚು ಹರಿದಾಡುತ್ತಿದ್ದದ್ದರಿಂದ ಇದೆಲ್ಲ ಕಾಣಿಸಿತು. ಇನ್ನೊಂದು ಮಾತು. ಆ ಬಾಯಿಯ ಅಂಚಿನಲ್ಲಿ ಪುಟ್ಟ ಪುಟ್ಟ ಸುಳಿಗಳು ಹುಟ್ಟುತ್ತಿದ್ದವು, ಕಳಚಿಕೊಳ್ಳುತ್ತಿದ್ದವು.

ಈ ಕೊನೆಯ ಮಾತು ನನಗೆ ತುಂಬಾ ಇಷ್ಟ. ದೊಡ್ಡ ಟಾರ್ನೇಡೋ ಒಳಗೆ ಸಣ್ಣ ಸುಳಿಗಳು ಇರುತ್ತವೆ, ಒಂದು ಮನೆ ಪುಡಿಯಾಗಿ ಪಕ್ಕದ ಮನೆ ಉಳಿಯುವುದಕ್ಕೆ ಅವೂ ಕಾರಣ ಅಂತ ಟಾರ್ನೇಡೋ ವಿಜ್ಞಾನಿ ಟೆಡ್ ಫುಜಿಟಾ ಅವರು ಮುಂದೆ ವಿವರಿಸಿದರು. ಆಲಿಕಲ್ಲಿಗೆ ಬೆಳೆ ಕಳೆದುಕೊಂಡ ರೈತರೊಬ್ಬರು ಅದನ್ನು ಹತ್ತಾರು ವರ್ಷ ಮೊದಲೇ ಬರಿಗಣ್ಣಲ್ಲಿ ನೋಡಿ ಹೇಳಿದ್ದರು.

ಈಗ ನನ್ನ ತಕರಾರು ಕೇಳಿ. ಅಮೆರಿಕದ ಸರ್ಕಾರಿ ಟಾರ್ನೇಡೋ ದಾಖಲೆ ಕ್ರಮವಾಗಿ ಶುರುವಾಗುವುದು 1950ರಿಂದ. ಈ ಕೌಂಟಿಯಲ್ಲಿ ಎಷ್ಟು ಟಾರ್ನೇಡೋ ಬಂದಿವೆ ಅಂತ ಆ ಪಟ್ಟಿಯಲ್ಲಿ ಹುಡುಕಿದರೆ ಕೆಲ್ಲರ್ ನೋಡಿದ್ದು ಸಿಗುವುದಿಲ್ಲ. ಒಳಗಡೆ ಹೇಗಿರುತ್ತದೆ ಅಂತ ಜಗತ್ತಿಗೇ ಹೇಳಿದ ಟಾರ್ನೇಡೋ, ಎಣಿಕೆಯಲ್ಲೇ ಇಲ್ಲ.

ಕೌಂಟಿ ಅಂದರೆ ಸುಮಾರಾಗಿ ನಮ್ಮ ತಾಲ್ಲೂಕು, ಜಿಲ್ಲೆಯ ಥರ ಅಂದುಕೊಳ್ಳಿ. ಇದರ ಹೆಸರು ಕೈಯೋವಾ ಕೌಂಟಿ. ವಿಚಿಟಾ ನಗರದಿಂದ ಪಶ್ಚಿಮಕ್ಕೆ ಸುಮಾರು 170 ಕಿಲೋಮೀಟರ್. 700 ಚದರ ಮೈಲಿಗೂ ಜಾಸ್ತಿ ಜಾಗ. ಜನ ಎಷ್ಟು ಗೊತ್ತಾ? 2020ರ ಗಣತಿಯಲ್ಲಿ ಎರಡೂವರೆ ಸಾವಿರವೂ ಇಲ್ಲ. ನಮ್ಮ ಕಡೆ ಒಂದು ಮದುವೆಗೆ ಅಷ್ಟು ಜನ ಸೇರುತ್ತಾರೆ. ಊರುಗಳು ಅಂದರೆ ಗ್ರೀನ್ಸ್‌ಬರ್ಗ್, ಹ್ಯಾವಿಲ್ಯಾಂಡ್, ಮಲ್ಲಿನ್‌ವಿಲ್. ಉಳಿದದ್ದೆಲ್ಲ ಹೊಲ, ಹುಲ್ಲುಗಾವಲು, ಆಕಾಶ.

ಇಂಥ ಕಡೆ ಟಾರ್ನೇಡೋ ಯಾಕೆ ಜಾಸ್ತಿ? ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚಗಿನ ತೇವದ ಗಾಳಿ ಬರುತ್ತದೆ. ಪಶ್ಚಿಮದ ಒಣ ಪ್ರಸ್ಥಭೂಮಿಯಿಂದ ಒಣಗಾಳಿ. ಇವೆರಡರ ಮೇಲೆ, ಎತ್ತರದಲ್ಲಿ, ತಣ್ಣಗಿನ ಗಾಳಿ ಜೋರಾಗಿ ಬೀಸುತ್ತಿರುತ್ತದೆ. ನೆಲದ ಹತ್ತಿರ ಗಾಳಿ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕು. ಎರಡು ಅಂಗೈ ನಡುವೆ ಬತ್ತಿ ಹೊಸೆದ ಹಾಗೆ ಗಾಳಿ ಸುರುಳಿ ಸುತ್ತುತ್ತದೆ. ಗುಡುಗಿನ ಮೋಡ ಆ ಸುರುಳಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ನಾವು ಬೇಸಿಗೆಯಲ್ಲಿ ಬಯಲಲ್ಲಿ ನೋಡುವ, ತರಗೆಲೆ ಎತ್ತಿಕೊಂಡು ಹೋಗುವ ಸುಂಟರಗಾಳಿ ಬೇರೆ. ಅದು ಕಾದ ನೆಲದಿಂದ ಮೇಲೇಳುತ್ತದೆ. ಇದು ಮೋಡದಿಂದ ಕೆಳಗಿಳಿಯುತ್ತದೆ. ಅದಕ್ಕೇ ನಾನು ಟಾರ್ನೇಡೋ ಅಂತಲೇ ಹೇಳುತ್ತಿದ್ದೇನೆ.

ಕೆಲ್ಲರ್ ಅವರಿಗೆ ಅವತ್ತು ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಕೊಡುವ ಹಾಗೂ ಇರಲಿಲ್ಲ! 1880ರ ದಶಕದಲ್ಲಿ ಜಾನ್ ಫಿನ್ಲೆ ಎಂಬ ಸೇನೆಯ ಅಧಿಕಾರಿ ಟಾರ್ನೇಡೋ ಮುನ್ಸೂಚನೆ ಕೊಡಲು ಪ್ರಯತ್ನ ಮಾಡಿದರು. 1879ರಲ್ಲಿ ಇದೇ ಕಾನ್ಸಾಸ್ ಸುತ್ತಿ, ಹಾಳಾದ ಊರುಗಳನ್ನು ನೋಡಿ ಬಂದವರು ಅವರು. ಸ್ವಲ್ಪ ವರ್ಷಕ್ಕೆ ಮೇಲಿನವರು ಬೇಡ ಅಂದರು. ಆ ಪದ ಕೇಳಿದರೇ ಜನ ಗಾಬರಿಯಾಗುತ್ತಾರೆ, ಗಾಳಿಗಿಂತ ಗಾಬರಿಯಿಂದಲೇ ಜಾಸ್ತಿ ಹಾನಿ ಆಗುತ್ತದೆ ಅಂತ ಅವರ ವಾದ. ಮುನ್ಸೂಚನೆಯಲ್ಲಿ ಟಾರ್ನೇಡೋ ಅನ್ನುವ ಪದವನ್ನೇ ಬಳಸಬಾರದು ಅಂತ ಆಯಿತು. ಇದು 1938ರ ತನಕ ನಡೆಯಿತು.

ಅಂದರೆ 1928ರಲ್ಲಿ ಹವಾಮಾನ ಇಲಾಖೆಯ ಬಾಯಿಗೆ ಬೀಗ. ಆಕಾಶ ಓದುವ ಕೆಲಸ ರೈತರದ್ದೇ. ಜನರಿಗೆ ಗಾಬರಿಯಾಗುತ್ತೆ ಅಂತ ವಿಷಯ ಮುಚ್ಚಿಡುವುದು ಎಲ್ಲ ಕಾಲದ ಅಧಿಕಾರಿಗಳ ಚಾಳಿ ಅಂತ ನನ್ನ ಅನಿಸಿಕೆ. ಒಪ್ಪದಿದ್ದರೆ ಜಗಳ ಆಡೋಣ.

ನಿಷೇಧ 1938ಕ್ಕೇ ಹೋಗಿದ್ದರೂ, ಬೀಗ ನಿಜವಾಗಿ ಬಿಚ್ಚಿದ್ದು ಹೇಗೆ ಅನ್ನುವುದು ಮಜವಾಗಿದೆ. 1948ರ ಮಾರ್ಚ್ 20ರಂದು ಒಕ್ಲಹೋಮಾದ ಟಿಂಕರ್ ವಾಯುನೆಲೆಗೆ ಟಾರ್ನೇಡೋ ಬಡಿದು ವಿಮಾನಗಳು ಚಿಂದಿಯಾದವು. ಅಲ್ಲಿದ್ದ ಫಾಬುಶ್ ಮತ್ತು ಮಿಲ್ಲರ್ ಎಂಬ ಇಬ್ಬರು ಹವಾಮಾನ ಅಧಿಕಾರಿಗಳಿಗೆ, ಇನ್ನೊಂದು ಸಲ ಹೀಗಾಗುತ್ತದಾ ಹೇಳಿ ಅಂತ ಮೇಲಿಂದ ಅಪ್ಪಣೆ. ಐದೇ ದಿನಕ್ಕೆ, ಮಾರ್ಚ್ 25ಕ್ಕೆ, ಅದೇ ಥರದ ಹವೆ ಬಂತು. ಇವತ್ತು ಬರಬಹುದು ಅಂದರು. ಬಂದೇ ಬಿಟ್ಟಿತು, ಅದೇ ನೆಲೆಗೆ! ಇಷ್ಟು ಅದೃಷ್ಟ ಯಾರಿಗಿರುತ್ತದೆ ಹೇಳಿ.

ಆದರೆ ಮುನ್ಸೂಚನೆ ಹೇಳುವುದು ಬೇರೆ, ಅದು ಮಲಗಿದವರ ಕಿವಿಗೆ ಮುಟ್ಟುವುದು ಬೇರೆ. 1955ರ ಮೇ 25. ಇದೇ ಕಾನ್ಸಾಸ್‌ನ, ವಿಚಿಟಾದ ದಕ್ಷಿಣಕ್ಕಿರುವ ಯೂಡಾಲ್ ಎಂಬ ಪುಟ್ಟ ಊರು. ರಾತ್ರಿ ಹತ್ತೂವರೆ. ಜನ ಮಲಗಿದ್ದರು. ಹೊತ್ತಿಗೆ ಸರಿಯಾಗಿ ಎಚ್ಚರಿಕೆ ಸಿಗಲಿಲ್ಲ. ಸುಮಾರು 80 ಜನ ಹೋದರು. ಐನೂರು ಆರುನೂರು ಜನರ ಊರಲ್ಲಿ ಎಂಬತ್ತು ಅಂದರೆ, ಸಾವಿಲ್ಲದ ಮನೆಯ ಸಾಸಿವೆ ಹುಡುಕಿದ ಹಾಗೆ.

ಈಗ ಗ್ರೀನ್ಸ್‌ಬರ್ಗ್‌ಗೆ ವಾಪಸ್ ಬನ್ನಿ. 2007ರ ಮೇ 4. ಇಲ್ಲೂ ರಾತ್ರಿಯೇ, ಒಂಬತ್ತೂ ಮುಕ್ಕಾಲರ ಹೊತ್ತು. ಕತ್ತಲಲ್ಲಿ ಗಾಳಿ ಕಾಣುವುದಿಲ್ಲ. ಮಿಂಚು ಹೊಡೆದಾಗ ಒಂದು ಕ್ಷಣ ಕಂಡರೆ ಕಂಡಿತು. ಆದರೆ ರೇಡಾರ್ ನೋಡುತ್ತಿತ್ತು. ಡಾಡ್ಜ್ ಸಿಟಿಯ ಹವಾಮಾನ ಕಚೇರಿ ಎಚ್ಚರಿಕೆಗಳಲ್ಲೇ ಅತಿ ಕಠಿಣವಾದದ್ದನ್ನು ಹೊರಡಿಸಿತು. ಊರಿನ ಸೈರನ್ ಸುಮಾರು ಇಪ್ಪತ್ತು ನಿಮಿಷ ಮೊದಲೇ ಕೂಗಿತು. ಜನ ನೆಲಮಾಳಿಗೆಗೆ ಇಳಿದರು.

ಬಂದದ್ದರ ಅಗಲ 1.7 ಮೈಲಿ, ಅಂದರೆ ಹೆಚ್ಚುಕಡಿಮೆ 2.7 ಕಿಲೋಮೀಟರ್. ಊರಿಗಿಂತ ಗಾಳಿಯೇ ಅಗಲ. ನೂರಕ್ಕೆ ತೊಂಬತ್ತೈದು ಭಾಗ ಊರು ನೆಲಸಮ. ಗೋಧಿ ತುಂಬುವ ಕಾಂಕ್ರೀಟ್ ಕಣಜಗಳು ನಿಂತಿದ್ದವು, ಹಳೇ ಕೋರ್ಟ್ ಕಟ್ಟಡ ಏಟು ತಿಂದು ಉಳಿಯಿತು. ಮಿಕ್ಕಂತೆ ಬೀದಿ ಎಲ್ಲಿ, ಅಂಗಳ ಎಲ್ಲಿ ಗೊತ್ತಾಗದ ಹಾಗೆ. ಸತ್ತವರು ಹತ್ತಕ್ಕಿಂತ ಸ್ವಲ್ಪ ಜಾಸ್ತಿ. ಅದೂ ಕಡಿಮೆ ಅಲ್ಲ, ಒಂದೊಂದೂ ಒಂದು ಮನೆಯ ದುಃಖ. ಆದರೆ ಯೂಡಾಲ್ ಪಕ್ಕದಲ್ಲಿಟ್ಟು ನೋಡಿ. ಗ್ರೀನ್ಸ್‌ಬರ್ಗ್ ಎರಡು ಪಟ್ಟಿಗೂ ದೊಡ್ಡ ಊರು. ಇಪ್ಪತ್ತು ನಿಮಿಷ ಮತ್ತು ಒಂದು ಗುಂಡಿ, ಇವೆರಡರ ಬೆಲೆ ಅಷ್ಟು.

ಈ ಟಾರ್ನೇಡೋಗೆ ಇಎಫ್5 ದರ್ಜೆ ಸಿಕ್ಕಿತು, ಅಂದರೆ ಫುಜಿಟಾ ಹೆಸರಿನ ಸುಧಾರಿತ ಅಳತೆಯಲ್ಲಿ ಎಲ್ಲಕ್ಕಿಂತ ಮೇಲಿನದು. ಹೊಸ ಅಳತೆ ಜಾರಿಗೆ ಬಂದು ಮೂರೇ ತಿಂಗಳಾಗಿತ್ತು, ಆ ದರ್ಜೆ ಪಡೆದ ಮೊದಲನೆಯದು ಇದೇ. ಅದು ಅಳೆಯುವುದು ಹೇಗೆ ಅಂತ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಯಾರೂ ಗಾಳಿಯನ್ನು ಅಳೆದಿಲ್ಲ. ಬೆಳಗಾದ ಮೇಲೆ ಹೋಗಿ ಮುರಿದ ಮನೆ ನೋಡುತ್ತಾರೆ, ಶಾಲೆ ನೋಡುತ್ತಾರೆ, ಮರ, ಕಂಬ ನೋಡುತ್ತಾರೆ. ಇಂಥವು 28 ಬಗೆ ಇವೆ. ಒಳ್ಳೆ ಕಟ್ಟಡ ತಳಪಾಯ ಬಿಟ್ಟು ಪೂರ್ತಿ ಕಿತ್ತುಹೋಗಿದ್ದರೆ, ಗಾಳಿ ಗಂಟೆಗೆ 200 ಮೈಲಿ ಮೀರಿರಬೇಕು ಅಂತ ಲೆಕ್ಕ. ಅದು ಇಎಫ್5. ಮಗು ಎಷ್ಟು ತಂಟೆ ಮಾಡಿತು ಅಂತ ಒಡೆದ ಪಾತ್ರೆ ಎಣಿಸಿ ಹೇಳಿದ ಹಾಗೆ. ಮನೆಯಲ್ಲಿ ಪಾತ್ರೆಯೇ ಇಲ್ಲದಿದ್ದರೆ?

ಅದೇ ರಾತ್ರಿ ಏನಾಯಿತು ನೋಡಿ. ಗ್ರೀನ್ಸ್‌ಬರ್ಗ್ ತಿಂದ ಅದೇ ಮೋಡ ಈಶಾನ್ಯಕ್ಕೆ ಹೋಗಿ, ಟ್ರೌಸ್‌ಡೇಲ್ ಎಂಬ ಜಾಗದ ಕಡೆ ಇನ್ನೊಂದು ದೈತ್ಯನನ್ನು ಇಳಿಸಿತು. ಅದೂ ಒಂದು ಮೈಲಿಗಿಂತ ಅಗಲ. ಅಲ್ಲಿ ಹೆಚ್ಚಾಗಿ ಇದ್ದದ್ದು ಹೊಲ. ಅದಕ್ಕೆ ಸಿಕ್ಕ ದರ್ಜೆ ಇಎಫ್3. ನಿಜಕ್ಕೂ ಅದು ಮೆತ್ತಗಿತ್ತಾ, ಅಥವಾ ಒಡೆಯಲು ಮನೆ ಸಾಲಲಿಲ್ವಾ?

ಸುಮ್ನೆ ಅನುಮಾನ ಪಡುತ್ತಿಲ್ಲ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೋ ಹತ್ತಿರ ಬಂದದ್ದು 2.6 ಮೈಲಿ ಅಗಲ. ಸಂಶೋಧಕರು ಟ್ರಕ್ ಮೇಲೆ ರೇಡಾರ್ ಇಟ್ಟುಕೊಂಡು ಹತ್ತಿರದಲ್ಲೇ ಇದ್ದರು. ಗಂಟೆಗೆ 290 ಮೈಲಿಗೂ ಮಿಕ್ಕಿದ ವೇಗ ದಾಖಲಾಯಿತು. ಕೊನೆಗೆ ಕೊಟ್ಟ ದರ್ಜೆ? ಇಎಫ್3. ಯಾಕೆಂದರೆ ಬಯಲಲ್ಲಿ ಅದಕ್ಕಿಂತ ಜಾಸ್ತಿ ದರ್ಜೆಗೆ ಬೇಕಾದ ಹಾಳು ಕಾಣಲಿಲ್ಲ.

ನನ್ನ ಮಾತು ಇಷ್ಟೇ. ಹಳ್ಳಿಗಾಡಿನ ಕೌಂಟಿಯ ಟಾರ್ನೇಡೋ ಚರಿತ್ರೆ ಅಂತ ನಾವು ಓದುವುದರಲ್ಲಿ ಅರ್ಧ ಮನೆಗಳ ಚರಿತ್ರೆ. ಎಲ್ಲಿ ಕಟ್ಟಿದ್ದೆವೋ ಅಲ್ಲಿ ಗಾಳಿಗೆ ಹೆಸರು ಬಂತು. ಹಳೇ ಕಾಲದ ಪಟ್ಟಿ ಚಿಕ್ಕದು, ಹೊಸ ಪಟ್ಟಿ ಉದ್ದ ಅಂದ ತಕ್ಷಣ ಟಾರ್ನೇಡೋ ಜಾಸ್ತಿ ಆಗಿಬಿಟ್ಟಿವೆ ಅಂತ ಹೇಳುವವರು ಸ್ವಲ್ಪ ತಡೆಯಬೇಕು. 1990ರ ದಶಕದಲ್ಲಿ ಮೋಡದೊಳಗೆ ಗಾಳಿ ಯಾವ ಕಡೆ ಓಡುತ್ತಿದೆ ಅಂತ ತೋರಿಸುವ ಡಾಪ್ಲರ್ ರೇಡಾರ್ ಜಾಲ ಬಂತು, ಆಮೇಲೆ ಎಲ್ಲರ ಕೈಗೂ ಕ್ಯಾಮೆರಾ ಬಂತು. ಮೊದಲು ಕಾಣದ ಸಣ್ಣಪುಟ್ಟವೆಲ್ಲ ಈಗ ಪುಸ್ತಕ ಸೇರುತ್ತಿವೆ.

ಅಂಕಿಗಳ ಆಟ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಇದೇ ರಾಜ್ಯದ ರೂಕ್ಸ್ ಕೌಂಟಿಯಲ್ಲಿ ಕೋಡೆಲ್ ಅಂತ ಒಂದು ಊರಿದೆ. 1916ರ ಮೇ 20ಕ್ಕೆ ಟಾರ್ನೇಡೋ. 1917ರ ಮೇ 20ಕ್ಕೆ ಮತ್ತೆ. 1918ರ ಮೇ 20ಕ್ಕೆ ಮೂರನೇ ಸಲ, ಅದರಲ್ಲಿ ಜೀವವೂ ಹೋಯಿತು. ನಮ್ಮೂರಾಗಿದ್ದರೆ ಮಾರಮ್ಮನಿಗೆ ಹರಕೆ ಹೊತ್ತು, ಆ ದಿನ ಊರಿಗೇ ಹೊರಬೀಡು ಹಾಕಿಸುತ್ತಿದ್ದರು. ಮೇ ತಿಂಗಳು ಅಲ್ಲಿ ಹೇಗೂ ಟಾರ್ನೇಡೋ ಕಾಲ, ತಾರೀಖು ಕೂಡಿಬಂದದ್ದು ಆಕಸ್ಮಿಕ. ಗೊತ್ತಿದ್ದರೂ 1919ರ ಮೇ 20ಕ್ಕೆ ನಾನಂತೂ ಆ ಊರಲ್ಲಿ ಇರುತ್ತಿರಲಿಲ್ಲ.

ಸರಿ, ಗ್ರೀನ್ಸ್‌ಬರ್ಗ್ ಆಮೇಲೆ ಏನಾಯಿತು? ಊರು ಹೇಗೂ ಹೋಗಿದೆ, ಕಟ್ಟುವುದಾದರೆ ಹಸಿರಾಗಿ ಕಟ್ಟೋಣ ಅಂತ ನಿರ್ಧಾರ ಮಾಡಿದರು. ಊರಿನ ದೊಡ್ಡ ಸರ್ಕಾರಿ ಕಟ್ಟಡಗಳೆಲ್ಲ ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಅತ್ಯುತ್ತಮ ದರ್ಜೆಯವೇ ಆಗಬೇಕು ಅಂತ ಠರಾವು ಮಾಡಿದರು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ಊರು ಅದು. ಕಾನ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಕಲಾಕೇಂದ್ರ ಕಟ್ಟಿಕೊಟ್ಟರು. ಅದರ ಹೆಸರು 5.4.7. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರಲ್ಲ, ಮೇ 4, 2007. ಊರ ಹೊರಗೆ ಹತ್ತು ಗಾಳಿಯಂತ್ರಗಳು ಬಂದವು, ಹನ್ನೆರಡೂವರೆ ಮೆಗಾವ್ಯಾಟ್. ಊರನ್ನು ಕೆಡವಿದ ಗಾಳಿಯೇ ಈಗ ಊರಿಗೆ ದೀಪ ಹಚ್ಚುತ್ತಿದೆ ಅಂತ ಇಲ್ಲಿ ಎಲ್ಲರೂ ಒಂದು ಸಾಲು ಹೇಳುತ್ತಾರೆ. ನಾನು ಹೇಳಲ್ಲ. ಅದು ಬೇರೆ ಗಾಳಿ, ಇದು ಬೇರೆ ಗಾಳಿ.

ಆ ಊರಲ್ಲಿ ಒಂದು ಬಾವಿಯೂ ಇದೆ. 1887-88ರಲ್ಲಿ ಕೈಯಲ್ಲೇ ತೋಡಿದ್ದು, 32 ಅಡಿ ಅಗಲ, 109 ಅಡಿ ಆಳ. ಮೇಲೆ ಇದ್ದ ಕಟ್ಟಡದಲ್ಲಿ 450 ಕಿಲೋ ತೂಕದ ಉಲ್ಕಾಶಿಲೆ ಇಟ್ಟಿದ್ದರು. ಟಾರ್ನೇಡೋ ಕಟ್ಟಡವನ್ನು ಉರುಳಿಸಿತು. ಉಲ್ಕೆ ಅವಶೇಷದ ಅಡಿಯಲ್ಲಿ ಸಿಕ್ಕಿತು, ಬಾವಿ ಇದ್ದಲ್ಲೇ ಇತ್ತು. ನೆಲದೊಳಗೆ ಇದ್ದದ್ದು ಉಳಿಯಿತು.

ಜನ ಮಾತ್ರ ವಾಪಸ್ ಬರಲಿಲ್ಲ. 2000ದಲ್ಲಿ 1,574 ಇದ್ದರು. 2010ಕ್ಕೆ 777. 2020ಕ್ಕೆ 740. ಎಲ್ಲ ಪ್ರಶಸ್ತಿಗಳ ಪಕ್ಕದಲ್ಲಿ ಈ ಮೂರು ಅಂಕಿಯನ್ನೂ ಬರೆಯಬೇಕು ಅಂತ ನನ್ನ ಹಟ. ಮೊದಲೇ ಜನ ಖಾಲಿಯಾಗುತ್ತಿದ್ದ ಊರದು. ಸಾಲ ತೀರಿದ ಹಳೇ ಮನೆ ಹೋದರೆ, ಎಪ್ಪತ್ತು ದಾಟಿದವರು ಹೊಸ ಸಾಲ ತೆಗೆದು ಮನೆ ಕಟ್ಟುತ್ತಾರಾ? ಮಕ್ಕಳಿರುವ ನಗರಕ್ಕೆ ಹೋಗುತ್ತಾರೆ.

ಕೆಲ್ಲರ್ ಕಥೆಯಲ್ಲಿ ಒಂದು ತುಂಡು ಬಾಕಿ ಇಟ್ಟಿದ್ದೆ. ಅವರ ನೆತ್ತಿ ಮೇಲೆ ಹಾದ ಟಾರ್ನೇಡೋ ಅವರದೇನನ್ನೂ ಮುಟ್ಟಲಿಲ್ಲ. ಸ್ವಲ್ಪ ಮುಂದೆ ಹೋಗಿ ಮತ್ತೆ ಕೆಳಗಿಳಿದು ಇನ್ನೊಬ್ಬ ರೈತರ ಮನೆ, ಕೊಟ್ಟಿಗೆ ಎರಡನ್ನೂ ಪುಡಿ ಮಾಡಿತು. ಆ ಮನೆಯವರೂ ಅವತ್ತು ಆಲಿಕಲ್ಲಿಗೆ ಹಾಳಾದ ಗೋಧಿ ನೋಡಲು ಹೊಲಕ್ಕೆ ಹೋಗಿದ್ದರು. ಮನೆಗೆ ಓಡಲು ಹೊತ್ತು ಸಾಲದೆ ಒಂದು ದಿಬ್ಬದ ಪಕ್ಕ ನೆಲಕ್ಕೆ ಅಂಟಿ ಮಲಗಿದರು. ಬದುಕಿಕೊಂಡರು. ಡಾಡ್ಜ್ ಸಿಟಿಯ ಹವಾಮಾನ ಕಚೇರಿಯವರು ಕೆಲ್ಲರ್ ಮಾತನ್ನು ಬರೆದುಕೊಂಡು, 1930ರಲ್ಲಿ ಇಲಾಖೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಪಕ್ಕದ ಹೊಲದಲ್ಲಿ ಆ ಮನೆ ಇರಲಿಲ್ಲ ಅಂದುಕೊಳ್ಳಿ, ಕೆಲ್ಲರ್ ಕೂಡ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು ಅಂದುಕೊಳ್ಳಿ. ಆ ಮಧ್ಯಾಹ್ನ ಅಲ್ಲಿ ಬಿದ್ದದ್ದು ಬರೀ ಆಲಿಕಲ್ಲು.