ತೋಟದ ಕೆಲಸಗಾರರಿಗೆ ಕನ್ನಡ: ಪಾಠಪಟ್ಟಿ ಹಾಕುವುದು ಹೇಗೆ?

ಕೇಳುಗರಿಗೆ ನಮಸ್ಕಾರ.

ಅಸ್ಸಾಂ, ಬಂಗಾಳ, ಬಿಹಾರದ ಕಡೆಯಿಂದ ಬಂದು ಸಕಲೇಶಪುರ, ಮೂಡಿಗೆರೆ ಸೀಮೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಇರುವವರಿಗೆ ಕನ್ನಡ ಕಲಿಸುವ ಮನಸ್ಸು ಹಲವರಿಗಿದೆ. ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗರು, ತೋಟದ ಲೆಕ್ಕ ಬರೆಯುವ ರೈಟರು ಸಂಜೆ ಬೋರ್ಡು ತಂದು ನಿಲ್ಲಿಸುತ್ತಾರೆ. ಮೊದಲ ವಾರ ಅ ಆ ಇ ಈ. ಎರಡನೇ ವಾರ ನಾನು, ನೀನು, ಅವನು, ಅವಳು. ಮೂರನೇ ವಾರಕ್ಕೆ ಅರ್ಧ ಜನ ನಾಪತ್ತೆ. ಇವರಿಗೆ ಆಸಕ್ತಿ ಇಲ್ಲ ಅಂತ ಷರಾ ಬರೆದುಬಿಡುತ್ತೇವೆ. ಪಾಠಪಟ್ಟಿ ಒಂದನೇ ಕ್ಲಾಸಿನ ಮಕ್ಕಳದು, ಎದುರು ಕೂತವರು ದಿನವಿಡೀ ದುಡಿದು ಬಂದ ದೊಡ್ಡವರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಬರೆಯಲು ಕೂರುವ ಮೊದಲು ಎರಡು ದಿನ ಸುಮ್ಮನೆ ಕೇಳಿಸಿಕೊಳ್ಳಿ. ಕಣದಲ್ಲಿ, ಹಣ್ಣು ತೂಕ ಹಾಕುವ ಜಾಗದಲ್ಲಿ, ದಿನಸಿ ಅಂಗಡಿಯಲ್ಲಿ, ಆಸ್ಪತ್ರೆಯ ಚೀಟಿ ಕಿಟಕಿಯ ಹತ್ತಿರ ನಿಂತು, ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಗುರುತು ಹಾಕಿಕೊಳ್ಳಿ. ‘ಹಸಿರು ಕಾಯಿ ಬಿಡಿಸ್ಬೇಡ’, ‘ಚೀಲ ಇಲ್ಲಿಡು’, ‘ಎಷ್ಟು ದಿನದಿಂದ ಜ್ವರ?’. ಆಮೇಲೆ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಕೇಳಿ ತಿಳಿಯಬೇಕಾದ ಮಾತು ಎಡಕ್ಕೆ, ತಾನೇ ಆಡಬೇಕಾದ ಮಾತು ಬಲಕ್ಕೆ. ಕೂಲಿಯವರ ಪಾಲಿಗೆ ಎಡಗಡೆಯದೇ ಉದ್ದ. ಆದರೆ ನಮ್ಮ ಪಾಠಗಳು ಬಲಗಡೆಗೇ ಜೋತುಬಿದ್ದಿರುತ್ತವೆ.

ಆಲೂರು, ಸಕಲೇಶಪುರದ ಕಡೆಯಾದರೆ ಮೊದಲ ದಿನವೇ ‘ಆನೆ ಇದೆ, ಆ ಕಡೆ ಹೋಗ್ಬೇಡಿ’ ಬರಬೇಕು. ವ್ಯಾಕರಣದ ಕ್ರಮ ನೋಡಿದರೆ ಇದು ಎಷ್ಟೋ ಪಾಠ ಆದಮೇಲೆ ಬರುವ ವಾಕ್ಯ. ಇರಲಿ, ಬಿಡಿಸಿ ಹೇಳದೆ ಇಡಿಯಾಗಿ ಕಲಿಸಿ. ಆನೆ ವ್ಯಾಕರಣಕ್ಕೆ ಕಾಯುವುದಿಲ್ಲ.

ಎಡ, ಬಲ ಬೇರೆ ಮಾಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಮೇಸ್ತ್ರಿ ‘ಬಾ, ತಗೋ, ಹೋಗು’ ಅನ್ನುತ್ತಾನೆ. ಕಲಿಯುವವರು ಅದನ್ನೇ ಕಲಿತು ಡಾಕ್ಟರಿಗೂ ಸಾಹುಕಾರರಿಗೂ ‘ಇಲ್ಲಿ ಬಾ’ ಅಂದರೆ ಜಗಳಕ್ಕೆ ದಾರಿ. ಕೇಳಿ ತಿಳಿಯಲು ‘ಬಾ’ ಗೊತ್ತಿರಲಿ, ಆಡಲು ‘ಬನ್ನಿ’ ಒಂದೇ ಕೊಡಿ.

ಇನ್ನು ಕ್ರಮ. ಪ್ರಥಮಾ, ದ್ವಿತೀಯಾ ಅಂತ ವಿಭಕ್ತಿಗಳನ್ನು ಸಾಲಾಗಿ ಹೇಳಿಕೊಡಬೇಡಿ. ದಿನಬಳಕೆಗೆ ಮೊದಲು ಬೇಕಾಗುವುದು ‘ನನಗೆ’. ನನಗೆ ನೀರು ಬೇಕು, ನನಗೆ ಜ್ವರ ಇದೆ, ನನಗೆ ಗೊತ್ತಿಲ್ಲ. ಇದರ ಜೊತೆಗೆ ‘ಎಲ್ಲಿದೆ’, ‘ಎಷ್ಟು’, ‘ನಿಧಾನ ಹೇಳಿ’, ‘ಇನ್ನೊಂದ್ಸಲ ಹೇಳಿ’ ಸೇರಿದರೆ ಮೊದಲ ಎರಡು ವಾರಕ್ಕೆ ಸಾಕು. ಭೂತಕಾಲಕ್ಕೆ ನಿಯಮ ಹೇಳಿದರೆ ‘ಬರಿದೆ’, ‘ಕೊಡಿದೆ’ ಅನ್ನುತ್ತಾರೆ. ಬಂದೆ, ಹೋದೆ, ಕೊಟ್ಟೆ, ತಗೊಂಡೆ, ತಿಂದೆ, ಬಿದ್ದೆ ಇಂಥ ಹತ್ತು ಹನ್ನೆರಡನ್ನು ರೂಪವಾಗಿಯೇ ಬಾಯಿಗೆ ಹಾಕಿ. ಪುಸ್ತಕದ ‘ಹೋಗುತ್ತೇನೆ’ ಬೇಡ, ‘ಹೋಗ್ತೀನಿ’ ಸಾಕು.

ಒಂದಕ್ಕೊಂದು ಹತ್ತಿರದ ಪದಗಳನ್ನು ಜೋಡಿಯಾಗಿ ಒಂದೇ ದಿನ ಕಲಿಸುವುದು ನಮ್ಮ ಹಳೇ ಚಾಳಿ. ನಿನ್ನೆ–ನಾಳೆ ನೋಡಿ. ಹಿಂದಿಯಲ್ಲಿ ಎರಡಕ್ಕೂ ‘ಕಲ್’. ಒಟ್ಟಿಗೆ ಕೊಟ್ಟರೆ ಕೊನೆಯವರೆಗೂ ಅದಲುಬದಲಾಗುತ್ತಲೇ ಇರುತ್ತವೆ. ‘ನಾಳೆ’ ಮೊದಲ ವಾರ ಬರಲಿ, ‘ನಿನ್ನೆ’ ಭೂತಕಾಲದ ಜೊತೆಗೆ ಬರಲಿ. ‘ಇಲ್ಲ’, ‘ಅಲ್ಲ’ ವಿಷಯವೂ ಹೀಗೆಯೇ. ಹಿಂದಿಯ ‘ನಹೀ’ ಎರಡಕ್ಕೂ ಆಗುವುದರಿಂದ ತೂಕದ ಹತ್ತಿರ ‘ಇದು ನನ್ನ ಚೀಲ ಇಲ್ಲ’ ಅಂತಾರೆ.

ಪ್ರಮಾಣಕ್ಕೆ ಬರೋಣ. ವಾರಕ್ಕೆ 3 ಸಂಜೆ, ತಲಾ 45 ನಿಮಿಷ, 12 ವಾರ. ಒಟ್ಟು 36 ತರಗತಿ. ಪ್ರತಿ ಆರನೆಯ ತರಗತಿಯಲ್ಲಿ ಹೊಸದೇನೂ ಬೇಡ, ಹಳೆಯದನ್ನೇ ತಿರುಗಿ ನೋಡಿ. ಉಳಿದ 30ರಲ್ಲಿ ತಲಾ 8 ಹೊಸ ಪದ, ಅಂದರೆ 240. ಕಡಿಮೆ ಅನಿಸಬಹುದು. ಆದರೆ ಒಂದು ಪದ ಮುಂದಿನ ಪಾಠದಲ್ಲಿ, ವಾರದ ಮೇಲೆ, ತಿಂಗಳ ಮೇಲೆ ಮತ್ತೆ ಬರದಿದ್ದರೆ ಅದು ನಿಲ್ಲುವುದಿಲ್ಲ. ಪಾಠಪಟ್ಟಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಹೊಸತನ್ನು ಸೇರಿಸುವ ಉಮೇದಿನಲ್ಲಿ ಹಳೆಯದನ್ನು ತಿರುಗಿ ಕರೆಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದು, ಪಕ್ಕದಲ್ಲಿ ಮೂರು ಖಾನೆ ಮಾಡಿ, ಪದ ಮತ್ತೆ ಬಂದ ತಾರೀಕು ತುಂಬಿ. ಖಾಲಿ ಖಾನೆ ಕಂಡರೆ ಮುಂದಿನ ಪಾಠಕ್ಕೆ ಆ ಪದ ಸೇರಿಸಿ.

ಪಾಠದ ನಡುಭಾಗ ಒಂದು ಕೆಲಸವಾಗಿರಲಿ. 1979ರಿಂದ 1984ರವರೆಗೆ ಭಾಷೆ ಕಲಿಸುವ ವಿಷಯದ ತಜ್ಞ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ‘ಬೆಂಗಳೂರು ಯೋಜನೆ’ಯಲ್ಲಿ ಇಂಗ್ಲಿಷನ್ನು ಹೀಗೇ ಕಲಿಸಿದರು. ರೈಲಿನ ವೇಳಾಪಟ್ಟಿಯಂಥದ್ದನ್ನು ಮುಂದಿಟ್ಟು, ಒಂದು ಸಮಸ್ಯೆಯನ್ನು ಮೇಷ್ಟ್ರು ಎಲ್ಲರ ಜೊತೆ ಬಿಡಿಸುವುದು, ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಕನಿಷ್ಠ ಅರ್ಧದಷ್ಟು ಮಕ್ಕಳಿಗೆ ಅರ್ಧ ಕೆಲಸವಾದರೂ ಬಂದರೆ ಅದು ತಕ್ಕ ಮಟ್ಟದ್ದು ಅನ್ನುವುದು ಅವರ ಅಳತೆ. ನಮಗೆ ಬಟವಾಡೆ ಹಾಳೆಯೇ ಸಾಕು. ದಿನಕ್ಕೆ 450 ರೂಪಾಯಿ ಅಂತಿಟ್ಟುಕೊಳ್ಳಿ, 5 ದಿನ ಕೆಲಸ, 500 ರೂಪಾಯಿ ಮುಂಗಡ ಮುರಿದಿದ್ದಾರೆ. ಕೈಗೆ ಬರುವುದು 1,750. ರೈಟರು 1,650 ಕೊಟ್ಟರೆ ‘ನೂರು ಕಡಿಮೆ ಇದೆ, ಯಾಕೆ?’ ಅಂತ ಕೇಳಬೇಕು. ಸಂಖ್ಯೆ, ವಾರದ ದಿನ, ‘ಕಡಿಮೆ’, ‘ಯಾಕೆ’ ಎಲ್ಲ ಇದರಲ್ಲೇ ಬಂತು. ಇಂಥ ಪಾಠಕ್ಕೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ!

ಉಚ್ಚಾರಣೆಯ ತೊಡಕು ಊರಿಂದೂರಿಗೆ ಬೇರೆ. ಅಸ್ಸಾಮಿಯಲ್ಲಿ ತ–ಟ, ದ–ಡ ಭೇದ ನುಡಿಯುವಾಗ ಇಲ್ಲ, ಹಾಗಾಗಿ ‘ಬಿತ್ತು’, ‘ಬಿಟ್ಟು’ ಒಂದೇ ಥರ ಕೇಳುತ್ತವೆ. ಹಿಂದಿಯವರಿಗೆ ಹ್ರಸ್ವ ಎ, ಒ ಕಷ್ಟ. ‘ಬೆಳೆ’ ಹೋಗಿ ‘ಬೇಳೆ’ಯಾಗುತ್ತದೆ. ಬಂಗಾಳಿಯವರಿಗೆ ‘ವ’ ಬದಲು ‘ಬ’ ಬರುತ್ತದೆ. ದಿನಕ್ಕೆ ಐದು ನಿಮಿಷ, ಮೊದಲು ಕಿವಿಗೆ ಅಭ್ಯಾಸ: ನೀವು ಎರಡರಲ್ಲಿ ಒಂದನ್ನು ಹೇಳಿ, ಅವರು ಚಿತ್ರ ತೋರಿಸಲಿ. ಅರ್ಥ ಕೆಡದಿದ್ದರೆ ತಿದ್ದಲು ಹೋಗಬೇಡಿ.

ಅಕ್ಷರಕ್ಕೆ ಐದನೇ ವಾರದಿಂದ ಹತ್ತು ಹತ್ತು ನಿಮಿಷ ಸಾಕು, ಅದೂ ಬಸ್ಸಿನ ಬೋರ್ಡಿನಿಂದ. ‘ಹಾಸನ’ ಸುಲಭ. ‘ಆಲೂರು’ ಓದಲು ಬಂದರೆ ‘ಬೇಲೂರು’ಗೆ ‘ಬೇ’ ಒಂದೇ ಹೊಸದು. ‘ಚಿಕ್ಕಮಗಳೂರು’ ಬಂದಾಗ ಒತ್ತಕ್ಷರವೂ ಲೂ–ಳೂ ವ್ಯತ್ಯಾಸವೂ ತಾವಾಗಿಯೇ ಎದುರಾಗುತ್ತವೆ. 49 ಅಕ್ಷರವನ್ನು ಸಾಲಾಗಿ ತಿದ್ದಿಸುವ ಹಟ ಇಲ್ಲಿ ಬೇಡ.

ಕೊನೆಯದಾಗಿ ಹಾಜರಿ. ನವೆಂಬರಿನಿಂದ ಕುಯ್ಲು ಜೋರಾದಾಗ ಜನ ವಾರಗಟ್ಟಲೆ ತಪ್ಪಿಸುತ್ತಾರೆ, ಹೊಸಬರು ನಡುವೆ ಬಂದು ಸೇರುತ್ತಾರೆ. ಆದ್ದರಿಂದ ಪ್ರತಿ ವಾರದ ಪಾಠ ತನ್ನಷ್ಟಕ್ಕೆ ತಾನು ಪೂರ್ತಿಯಾಗಿರಲಿ: ಒಂದು ವಾರ ಅಂಗಡಿ, ಒಂದು ವಾರ ಆಸ್ಪತ್ರೆ, ಒಂದು ವಾರ ಬಸ್ಸು. ಪರೀಕ್ಷೆಗೆ ಪೇಪರು ಬೇಡ. ಅಂಗಡಿಗೆ ಕಳಿಸಿ, ಅರ್ಧ ಕೆಜಿ ಬೇಳೆ ತಂದು ಚಿಲ್ಲರೆ ಸರಿಯಾಗಿ ಎಣಿಸಿಕೊಡಲಿ. ಹೆಚ್ಚು ಜನ ಎಡವಿದ್ದು ಎಲ್ಲಿ ಅಂತ ಗುರುತು ಮಾಡಿ, ಮುಂದಿನ ತಂಡ ಬರುವುದರೊಳಗೆ ಆ ವಾರದ ಪಾಠವನ್ನು ಬೇರೆ ಬರೆಯಿರಿ.

ನಮಸ್ಕಾರ.