ಕಣ ಕಾಯುವ ಕ್ಯಾಮೆರಾ

ಕೇಳುಗರೆಲ್ಲರಿಗೂ ನಮಸ್ಕಾರ.

ಕಣದಲ್ಲಿ ಕಾಫಿ, ಮೆಣಸು ಹರಡಿದ ಮೇಲೆ ನಮ್ಮ ಕೊಡಗಿನಲ್ಲಿ ಯಾರಿಗೂ ನೆಮ್ಮದಿಯ ನಿದ್ದೆ ಇಲ್ಲ. ಕಳ್ಳರ ಭಯ ಒಂದು ಕಡೆ, ಆನೆ ಭಯ ಇನ್ನೊಂದು ಕಡೆ. ಹೋದ ವರ್ಷ ನಾವೂ ಒಂದು ಸಿಸಿ ಕ್ಯಾಮೆರಾ ಹಾಕಿಸಿದೆವು. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಮನೆಯವರಿಗೆಲ್ಲ ಖುಷಿ.

ಅದರ ಆ್ಯಪ್ ಮೊಬೈಲಿಗೆ ಹಾಕುವಾಗ ನನಗೆ ಅನುಮಾನ ಬಂತು. ಫೋನಿನಲ್ಲಿರುವ ನಂಬರ್‌ಗಳನ್ನೆಲ್ಲ ನೋಡಲು ಅನುಮತಿ ಕೇಳಿತು. ನಾನು ಎಲ್ಲಿದ್ದೇನೆ ಅನ್ನುವುದೂ ಬೇಕಂತೆ. ಕಣ ಕಾಯುವುದಕ್ಕೆ ಇದೆಲ್ಲ ಯಾಕೆ?

ಇಂಥ ಎಷ್ಟೋ ಕ್ಯಾಮೆರಾಗಳು, ನಾವು ನೋಡಲಿ ಬಿಡಲಿ, ಕಂಪನಿಯ ಸರ್ವರ್, ಅಂದರೆ ಎಲ್ಲೋ ದೂರದಲ್ಲಿರುವ ಅವರ ಕಂಪ್ಯೂಟರ್ ಜೊತೆ ಸಂಪರ್ಕದಲ್ಲೇ ಇರುತ್ತವೆ. ಇವುಗಳಲ್ಲಿ ಹಲವು ಚೀನಾದ ಕಂಪನಿಗಳವು. ಚೀನಾದ 2017ರ ಗುಪ್ತಚರ ಕಾನೂನಿನ ಪ್ರಕಾರ ಅಲ್ಲಿನ ಕಂಪನಿಗಳು ಸರ್ಕಾರದ ಗುಪ್ತಚರ ಕೆಲಸಕ್ಕೆ ಸಹಕರಿಸಬೇಕು. ಹಾಗಂತ ಚೀನಾ ಒಂದನ್ನೇ ದೂರುವುದೂ ಸರಿಯಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಗಿರಾಕಿಗೆ ಹೋಗುತ್ತಿದ್ದ, ಇಂಟರ್ನೆಟ್ ಹಂಚುವ ರೂಟರ್‌ಗಳ ಪೆಟ್ಟಿಗೆಯನ್ನು ದಾರಿಯಲ್ಲೇ ಬಿಚ್ಚಿ, ಕಳ್ಳಕಿವಿ ಇಟ್ಟು ಮತ್ತೆ ಮುಚ್ಚುತ್ತಿತ್ತು. ಇದು ಅದೇ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ದಾಖಲೆಗಳಲ್ಲಿದೆ. ಜಾಸ್ತಿ ದುಡ್ಡು ಕೊಟ್ಟರೆ ಭಯವಿಲ್ಲ ಅನ್ನುವ ಹಾಗಿಲ್ಲ.

ಆದರೂ ಅಗ್ಗದ ಮಾಲಿನಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ತಯಾರಕರ ಅಸಡ್ಡೆ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳೊಳಗೆ ನುಗ್ಗಿತು. ಬೀಗ ಒಡೆಯುವ ಕೆಲಸವೇ ಇರಲಿಲ್ಲ. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಹಾಗೇ ಇತ್ತು.

ನಮ್ಮ ಸರ್ಕಾರ ಈಗ ಸಿಸಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡಿದೆ. 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕೊಳ್ಳುವಾಗ ಸರ್ಕಾರದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿಯ ಸರ್ಟಿಫಿಕೇಟ್ ಇದೆಯಾ ಅಂತ ಅಂಗಡಿಯಲ್ಲಿ ಕೇಳಿ. ಸಂಕೋಚ ಬೇಡ.

ನಾವು ಪಾಸ್‌ವರ್ಡ್ ಬದಲಿಸಿದೆವು. ಕ್ಯಾಮೆರಾಗೆ ಇಂಟರ್ನೆಟ್ ತಪ್ಪಿಸಿ, ಮೆಮೊರಿ ಕಾರ್ಡಿನಲ್ಲೇ ರೆಕಾರ್ಡ್ ಆಗುವಂತೆ ಮಾಡಿದೆವು. ಮಡಿಕೇರಿಯಲ್ಲಿ ಕೂತು ಕಣ ನೋಡಲು ಈಗ ಆಗುವುದಿಲ್ಲ, ನಿಜ.

ಆಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಚಿತ್ರದ ಮೂಲೆಯಲ್ಲಿ ನಮ್ಮ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಮನೆಯ ಬಾಗಿಲು. ಅಲ್ಲಿ ಹೆಂಗಸರು ತಲೆ ಬಾಚುತ್ತಾರೆ, ಮಗುವಿಗೆ ಸ್ನಾನ ಮಾಡಿಸುತ್ತಾರೆ. ಅಷ್ಟೂ ದಿನ ಅದೆಲ್ಲ ಯಾವುದೋ ಊರಿನ ಸರ್ವರ್‌ಗೆ ಹೋಗಿರಬಹುದು. ಅವರನ್ನು ನಾವು ಒಂದು ಮಾತು ಕೇಳಿರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಆ ಹಕ್ಕು ಲೈನ್ ಮನೆಯವರಿಗೂ ಇದೆ ಅಲ್ವಾ?

ಅವತ್ತೇ ಏಣಿ ಹಾಕಿ ಹತ್ತಿ, ಕ್ಯಾಮೆರಾವನ್ನು ಕಣದ ಕಡೆ ತಿರುಗಿಸಿದೆ. ಕೆಳಗೆ ಬಂದು ಅವರ ಹತ್ತಿರ ವಿಷಯ ಹೇಳಿದೆ.

ನಮಸ್ಕಾರ.