ನಿಲ್ಲುವ ಸ್ವರ: ರಾಕ್ ಗಿಟಾರಿನ ಸರ್ವಶ್ರೇಷ್ಠ ಯಾರು?

ಸಭೆಗೆ ನಮಸ್ಕಾರ.

ಮಲ್ಲಿಕಾರ್ಜುನ ಮನಸೂರರು ದೊಡ್ಡವರೋ ಭೀಮಸೇನ ಜೋಶಿಯವರು ದೊಡ್ಡವರೋ ಎಂಬ ವಾದ ಧಾರವಾಡದಲ್ಲಿ ಬೆಳೆದವರ ಕಿವಿಗೆ ಬೀಳದೇ ಇರುವುದಿಲ್ಲ. ಅದು ತೀರುವ ವಾದವಲ್ಲವೆಂದು ತಿಳಿದೂ ನಮ್ಮ ಹಿರಿಯರು ಅದನ್ನು ಕೈಬಿಡಲಿಲ್ಲ. ಹಾಗೆ ವಾದಿಸುವಾಗಲೇ ಸಂಗೀತದ ಯಾವ ಗುಣಕ್ಕೆ ತಾವು ಎಷ್ಟು ಬೆಲೆ ಕೊಡುತ್ತೇವೆಂಬುದು ಅವರಿಗೆ ಸ್ಪಷ್ಟವಾಗುತ್ತಿತ್ತು. ರಾಕ್ ಸಂಗೀತದ ಸರ್ವಶ್ರೇಷ್ಠ ಗಿಟಾರ್ ವಾದಕ ಯಾರು ಎಂಬ ಪ್ರಶ್ನೆಯನ್ನೂ ಅಷ್ಟೇ ಗಂಭೀರವಾಗಿ ಎತ್ತಿಕೊಳ್ಳಬೇಕು. ನನ್ನ ಉತ್ತರ ಅಮೆರಿಕದ ಜಿಮಿ ಹೆಂಡ್ರಿಕ್ಸ್.

ವೇಗವನ್ನು ಮುಂದಿಡುವವರು ಎಡ್ಡಿ ವ್ಯಾನ್ ಹೇಲನ್ ಹೆಸರು ಹೇಳುತ್ತಾರೆ. 1978ರಲ್ಲಿ, ಎರಡು ನಿಮಿಷಕ್ಕೂ ಕಡಿಮೆ ಅವಧಿಯ ಒಂದೇ ಒಂದು ಏಕವಾದನದಲ್ಲಿ, ಎರಡೂ ಕೈಗಳ ಬೆರಳುಗಳಿಂದ ತಂತಿಯನ್ನು ತಟ್ಟಿ ನುಡಿಸುವ ಕ್ರಮವನ್ನು ಆತ ಜಗತ್ತಿಗೆ ಕೇಳಿಸಿದ. ಆದರೆ ವೇಗ ಸಾಧನೆಯಿಂದ ಕೈಗೂಡುವಂಥದ್ದು. ಆ ಕ್ರಮವನ್ನು ಮುಂದಿನವರು ಬಹುಬೇಗ ಕಲಿತರು.

ಮೀಟುವ ವಾದ್ಯಗಳಿಗೆಲ್ಲ ಒಂದು ಮೂಲಭೂತ ಕೊರತೆಯಿದೆ. ಮೀಟಿದ ಕ್ಷಣದಿಂದಲೇ ಸ್ವರ ಕ್ಷೀಣಿಸತೊಡಗುತ್ತದೆ. ಗಾಯಕನ ಉಸಿರಿನಂತೆ ಅದು ನಿಲ್ಲುವುದಿಲ್ಲ, ಬೆಳೆಯುವುದೂ ಇಲ್ಲ. ಸಿತಾರರತ್ನ ರಹಿಮತ್ ಖಾನ್ ಮತ್ತು ಅವರ ಮೊಮ್ಮಗ ಬಾಲೇಖಾನರ ಸಿತಾರವನ್ನು ಕೇಳಿದ ಈ ಊರಿಗೆ, ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆದು ಮೀಂಡಿನಿಂದ ಆ ಕೊರತೆಯನ್ನು ಹೇಗೆ ತುಂಬುತ್ತಾರೆಂಬುದು ಗೊತ್ತು. ಎಳೆದಷ್ಟೂ ಬಿಗಿ ಹೆಚ್ಚಿ ಸ್ವರ ಏರುತ್ತದೆ. ಇಳಿಸಬೇಕಾದರೆ ಮೊದಲೇ ಎಳೆದಿಟ್ಟು, ಮೀಟಿ, ಸಡಿಲಿಸಬೇಕು. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಬಿ. ಬಿ. ಕಿಂಗ್ ಎಳೆದ ತಂತಿಯಿಂದ, ಎಡಗೈಯ ಕಂಪನದಿಂದ ಗಿಟಾರನ್ನು ಹಾಡಿಸಿದ. ಆದರೂ ಆ ಸ್ವರ ಕೊನೆಗೆ ಸಾಯುತ್ತಿತ್ತು.

ಹೆಂಡ್ರಿಕ್ಸ್ ಮಾಡಿದ್ದು ಇಲ್ಲಿಯೇ. ತಂತಿಯ ಕಂಪನವನ್ನು ಗಿಟಾರಿನಲ್ಲಿರುವ ಪಿಕಪ್ ಹಿಡಿದು ವಿದ್ಯುತ್ತಾಗಿಸುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ, ಸ್ಪೀಕರಿನಿಂದ ಹೊರಟ ನಾದ ಮರಳಿ ಅದೇ ತಂತಿಯನ್ನು ನಡುಗಿಸುತ್ತದೆ. ಹೀಗೆ ಸುತ್ತು ಪೂರ್ತಿಯಾದಾಗ ಸ್ವರ ತಾನಾಗಿಯೇ ಉಳಿಯುತ್ತದೆ. ನಮ್ಮ ಸಭೆಗಳಲ್ಲಿ ಮೈಕು ಸ್ಪೀಕರಿನ ಎದುರಿಗೆ ಬಂದರೆ ಏಳುವ ಕೀರಲು ದನಿಯೂ ಇದರಿಂದಲೇ. ಈ ಫೀಡ್‌ಬ್ಯಾಕನ್ನು ಇಂಗ್ಲೆಂಡಿನ ಗಿಟಾರ್ ವಾದಕರಾದ ಪೀಟ್ ಟೌನ್ಶೆಂಡ್, ಜೆಫ್ ಬೆಕ್ ಮೊದಲೇ ಬಳಸಿದ್ದರು. ಆದರೆ ಅದನ್ನು ಸ್ವರಕ್ಕೆ ಕಟ್ಟಿ, ಬೇಕಾದಲ್ಲಿ ಏರಿಸಿ, ಬೇಕಾದಲ್ಲಿ ಒಡೆದು, ಒಂದು ಭಾಷೆಯನ್ನಾಗಿ ಮಾಡಿದವನು ಬಲಗೈಯವರ ಗಿಟಾರನ್ನು ತಿರುಗಿಸಿ ಹಿಡಿದು ನುಡಿಸುತ್ತಿದ್ದ ಈ ಎಡಚ. ಅವನ ಕೈಯಲ್ಲಿ ವಿದ್ಯುತ್ತೇ ವಾದ್ಯವಾಯಿತು.

ಅವನಿಗೆ ಎದುರಾಗಿ ನಾನು ನಿಲ್ಲಿಸಬಲ್ಲ ಒಬ್ಬನೇ ವಾದಕ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ. ಹದಿನೇಳರ ವಯಸ್ಸಿನಲ್ಲಿ ಲೋಹದ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿ ಹೋದವು. ಎಡಚನಾದ ಅವನಿಗೆ ತಂತಿ ಒತ್ತುವ ಕೈ ಅದೇ. ಆತ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಕಟ್ಟಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಹೆವಿ ಮೆಟಲ್ ಎಂಬ ರಾಕ್ ಪ್ರಕಾರದ ಆ ಭಾರವಾದ ನಾದ ಬೆಳೆದದ್ದು ಅವನ ನುಡಿಸಾಣಿಕೆಯಿಂದ. ಆದರೂ ಅವನು ಕಟ್ಟಿದ್ದು ಒಂದು ಮನೆತನವನ್ನು. ಹೆಂಡ್ರಿಕ್ಸ್ ಬದಲಿಸಿದ್ದು ವಾದ್ಯವನ್ನೇ.

ಹೆಂಡ್ರಿಕ್ಸ್ 1970ರಲ್ಲಿ, 27ನೆಯ ವಯಸ್ಸಿನಲ್ಲಿ ತೀರಿಕೊಂಡ, ಬದುಕಿದ್ದಾಗ ಬಂದ ಸ್ಟುಡಿಯೋ ಆಲ್ಬಂಗಳು ಮೂರೇ, ಅಷ್ಟರಿಂದ ಶ್ರೇಷ್ಠತೆಯನ್ನು ನಿರ್ಣಯಿಸಬಹುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅವನ ನಂತರ ಎಲೆಕ್ಟ್ರಿಕ್ ಗಿಟಾರ್ ಹಿಡಿದವರಲ್ಲಿ ಅವನ ನಾದಕ್ಕೆ ಋಣಿಯಾಗದವರು ವಿರಳ.

ಈಗ 1969ರ ಆಗಸ್ಟ್ 18ರ ಬೆಳಿಗ್ಗೆ ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಅವನು ನುಡಿಸಿದ ಅಮೆರಿಕದ ರಾಷ್ಟ್ರಗೀತೆಯ ಧ್ವನಿಮುದ್ರಣವನ್ನು ಕೇಳೋಣ. ಸೇನೆಯಲ್ಲಿ ಪ್ಯಾರಾಟ್ರೂಪರ್ ಆಗಿದ್ದವನು, ವಿಯೆಟ್ನಾಂ ಯುದ್ಧ ನಡೆದಿರುವಾಗ, ಇದನ್ನು ನುಡಿಸುತ್ತಿದ್ದಾನೆ ಎಂಬುದು ನೆನಪಿರಲಿ. ಗೀತೆಯಲ್ಲಿ ರಾಕೆಟ್ಟು, ಬಾಂಬುಗಳನ್ನು ಹೇಳುವ ಸಾಲು ಬರುವಲ್ಲಿ ರಾಗ ಒಡೆದು ಸ್ಫೋಟದ ಸದ್ದಾಗುತ್ತದೆ, ಮತ್ತೆ ಶ್ರುತಿ ತಪ್ಪದೆ ಸಾಲಿಗೆ ಮರಳುತ್ತದೆ. ಆ ಮರಳುವಿಕೆಯನ್ನು ಗಮನಿಸಿ; ಚರ್ಚೆಯನ್ನು ಅಲ್ಲಿಂದಲೇ ಆರಂಭಿಸೋಣ.